ಕೋಡಿ

ಟೊಮೇಟೊ ಲಾರಿಗಳ ಹಿಂದೆ ಹಿಂದೆಯೇ ಬರುತ್ತದೆ
ಕೋಲಾರದಿಂದ ವೇಮಗಲ್ಲಿಗೆ ನಮ್ಮ ಶಿಫ್ಟಿನ ಬಸ್ಸು.
ಆರಕ್ಕೆ ಬಿಳಿ ಕೋಟು, ತಲೆಗೆ ಟೋಪಿ, ಕೈಗೆ ನೀಲಿ ಗವಸು,
ಬಳೆ ಉಂಗುರ ಎಲ್ಲ ಡಬ್ಬಿಯೊಳಗೆ.
ಒಂದು ಹನಿ ಬೆವರು ಬಿದ್ದರೆ ಸಾಕು,
ಪದರ ಪದರಕ್ಕೆ ಅಂಟದು.

ಕಪ್ಪು ಬಟ್ಟೆ ಅದು, ಇಂಗಾಲದ ನೂಲು.
ಫ್ರೀಜರಿನಿಂದ ತೆಗೆದು, ಚಳಿ ಬಿಡುವ ತನಕ ಕಾದು
ಒಂದನ್ನು ನೇರ, ಒಂದನ್ನು ಓರೆ, ಒಂದನ್ನು ಅಡ್ಡ ಹಾಸುತ್ತೇವೆ
ಸೂಜಿಯಿಲ್ಲದೆ ಕೌದಿ ಹೊಲಿದ ಹಾಗೆ.
ಬೆಂದು ಬಂದರೆ ಉಕ್ಕಿಗೆ ಸಮ,
ಎತ್ತಿದರೆ ಮಗಳ ಶಾಲೆಯ ಚೀಲಕ್ಕಿಂತ ಹಗುರ.
ಆದರೆ ಸಿಡಿಲಿಗೆ ಅದರಲ್ಲಿ ಸಲೀಸು ದಾರಿಯಿಲ್ಲ.
ದಾರಿ ಸಿಗದ ಸಿಡಿಲು ಏನು ಮಾಡುತ್ತದೆ?
ಅಂಟು ಆವಿಯಾಗಿ, ಪದರ ಬಿಚ್ಚಿ, ಒಳಗಿಂದೊಳಗೇ ಉಬ್ಬಿ,
ಪೂರಿಯ ಹಾಗೆ, ಎಂದ
ಟ್ರೈನಿಂಗ್ ಕೊಟ್ಟ ಹುಡುಗ ಜಯಸಿಂಹ, ಸ್ವಲ್ಪ ನಕ್ಕ.
ನಾವು ನಗಲಿಲ್ಲ.

ಅದಕ್ಕೇ ಎಲ್ಲಕ್ಕಿಂತ ಹೊರಗೆ, ಬಣ್ಣದ ಅಡಿಗೆ
ತಾಮ್ರದ ಬಲೆ.
ಹಿಟ್ಟಿನ ಜರಡಿಗಿಂತ ತೆಳು. ಜೋರಾಗಿ ಉಸಿರು ಬಿಟ್ಟರೂ
ಮೂಲೆ ಎದ್ದು ಕೂರುತ್ತದೆ.
ಮೂಗಿಗೆ ಬಡಿದದ್ದು ಇದರ ಮೇಲೇ ಓಡಿ
ಬಾಲದಿಂದ ಹೊರಟುಹೋಗಬೇಕು.
ಒಳಗೆ ಕೂತವರಿಗೆ ಒಂದು ಸದ್ದು, ಕಿಟಕಿಯಲ್ಲೊಂದು ಬೆಳಕು,
ಅಷ್ಟೆ. ಕಾಫಿ ಚೆಲ್ಲಿದರೆ ಚೆಲ್ಲಲಿ.

ನಮ್ಮಪ್ಪ ನೀರುಗಂಟಿ.
ಮಳೆಗೆ ಮುಂಚೆ ಊರಿನವರೆಲ್ಲ ಕೆರೆಯ ಏರಿ ನೋಡಿ ಬರೋರು,
ಅವನು ಕೋಡಿ ನೋಡುತ್ತಿದ್ದ.
ಕುಕ್ಕರುಗಾಲಲ್ಲಿ ಕೂತು
ಒಂದೊಂದು ಕಲ್ಲಿನ ಸಂದಿಗೂ ಬೆರಳು ಹಾಕಿ
ಹೂಳು ಕೆದಕಿ, ಆಲದ ಸಸಿ ಕಿತ್ತು.
‘ಬರೋ ನೀರ್ನ ತಡಿಯಾಕೆ ಯಾರ ಕೈಲೂ ಆಗಲ್ಲ ಕಣಮ್ಮಿ,
ಓಗಾಕೆ ದಾರಿ ಮಾಡ್ಕೊಡು,
ಏರಿ ತಾನಾಗೇ ಉಳ್ಕೊಂತದೆ.’
ಅಜ್ಜಿಯ ಲೆಕ್ಕ ಬೇರೆ.
ಗುಡುಗಿದರೆ ಅಂಗಳಕ್ಕೆ ಕುಡುಗೋಲು ಎಸೆದು
ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ...
ಹತ್ತರಲ್ಲಿ ಆರೇ ನೆನಪು ಅವಳಿಗೆ.
ಉಳಿದ ನಾಲ್ಕಕ್ಕೆ
ನಮ್ಮ ಸೋದರಮಾವಂದಿರ ಹೆಸರು ಸೇರಿಸುತ್ತಿದ್ದಳು.

ಮಂಗಳವಾರ, ಹದಿನೇಳನೇ ಪ್ಯಾನೆಲ್.
ಮೀಟರಿನ ಎರಡು ಕಡ್ಡಿ ಆ ತುದಿಗೊಂದು ಈ ತುದಿಗೊಂದು ಇಟ್ಟೆ.
ಅಂಕಿ ಏರಿತು, ಇಳಿಯಲಿಲ್ಲ.
ಬ್ಯಾಟರಿ ಬದಲಿಸಿದೆ. ಮತ್ತೆ ಇಟ್ಟೆ.
ಬಲೆಯ ಮೇಲೆ ಬಲೆ ಹೆಬ್ಬೆರಳಗಲ ಹತ್ತಿರಬೇಕಾದ ಕಡೆ
ಉಗುರಿನಂಚಿನಷ್ಟೇ ಹತ್ತಿದೆ.
ಹಾಳೆ ತಿರುವಿ ನೋಡಿದರೆ ಹಾಸಿದವರ ಮೊಹರು
ನಲವತ್ತೊಂದು.
ನಲವತ್ತೊಂದು ನಾನೇ.

ಬೈಲಪ್ಪ ಸಾರು ಒಳ್ಳೆಯವರು. ತಿಂಗಳ ಕೊನೆ ಬೇರೆ.
‘ಮೇಲೆ ಬಣ್ಣ ಬರ್ತದಲ್ಲ ರುಕ್ಮಾಂಬಾ, ಯಾರು ನೋಡ್ತಾರೆ?’
‘ಅದು ನೋಡ್ತದೆ ಸಾರ್’ ಅಂದೆ.
ಯಾವುದು ಅಂತ ಅವರು ಕೇಳಲಿಲ್ಲ.
ಕಿಟಕಿಯಾಚೆ ಬೆಟ್ಟದ ಕಡೆ ಕಪ್ಪಿಟ್ಟಿತ್ತು.

ಉಜ್ಜುಕಾಗದ ಹಿಡಿದು ಕೂತೆ.
ಒತ್ತಿದರೆ ಬಲೆ ಹರಿಯುತ್ತದೆ, ಒತ್ತದಿದ್ದರೆ ಅಂಟು ಹೋಗುವುದಿಲ್ಲ,
ಮಗುವಿನ ಕಿವಿ ತೊಳೆದ ಹಾಗೆ
ಕೆಂಪಗೆ ತಾಮ್ರ ಕಾಣುವ ತನಕ.
ತಾಮ್ರಕ್ಕೆ ತಾಮ್ರ ತಾಗಬೇಕು,
ನಡುವೆ ಕೂದಲೆಳೆಯಷ್ಟು ಸಂಕೋಚವೂ ಕೂಡದು.
ಪಕ್ಕದಲ್ಲಿ ದೀಪ ಹಿಡಿದ ಶಬ್ರೀನ್
ಮೂರು ವಾರದ ಹಿಂದೆ ಸೇರಿದವಳು
‘ಅಕ್ಕಾ, ಬೋನಸ್ ಹೋಯ್ತಲ್ಲ’ ಅಂದಳು.
‘ಹ್ಞೂಂ, ದೀಪ ಸ್ವಲ್ಪ ಎಡಕ್ಕೆ.’

ಬಸ್ಸಿನಲ್ಲಿ ಕೈಯೆಲ್ಲ ತಾಮ್ರದ ವಾಸನೆ,
ಹುಳಿ ಹಾಕಿ ತಿಕ್ಕಿದ ತಂಬಿಗೆಯದು.
ನರಸಾಪುರದ ಆಚೆ ಮೊದಲ ಮಿಂಚು.
ಮೋಡದ ಮೇಲೊಂದು ಕೆಂಪು ಚುಕ್ಕಿ
ಮಿನುಗಿ ಆರಿ, ಮಿನುಗಿ ಆರಿ, ದೇವನಹಳ್ಳಿಗೆ ಇಳಿಯುತ್ತಿದೆ.
ಯಾವ ವಿಮಾನವೋ, ಯಾರು ಹಾಸಿದ ಮೈಯೋ.

ಬಾಯಿ ತಾನಾಗೇ ಶುರುಮಾಡಿತು: ಅರ್ಜುನ, ಫಲ್ಗುಣ...
ಆರಾದ ಮೇಲೆ ನನಗೂ ಬರುವುದಿಲ್ಲ.
ಹದಿನೇಳು ಅಂದೆ.