ಸೊಂಟಕ್ಕೊಂದು ದೂರ

ಎಸ್.ಪಿ. ರೋಡಿನ ಅಡ್ಡಗಲ್ಲಿಯಲ್ಲಿ
ನೇತುಬಿದ್ದ ತಂತಿ ಸುರುಳಿಗಳ ಕೆಳಗೆ ಬಗ್ಗಿ ಹೋದರೆ
ಜಬೀವುಲ್ಲಾ ಸಾಹೇಬರ ಅಂಗಡಿ.
ಹಗಲು ಹನ್ನೊಂದು ಗಂಟೆ. ರಾತ್ರಿ ಪಾಳಿ ಮುಗಿಸಿ
ನಿದ್ದೆ ಬಿಟ್ಟು ಬಂದಿದ್ದೇನೆ,
ಬಿಸಿಲಿಗೆ ಕಣ್ಣು ಕಿರಿದು ಮಾಡಿ.

“ಎಷ್ಟು ದೂರ ಬೇಕು?” ಕೇಳಿದರು,
ಬಟ್ಟೆ ಅಂಗಡಿಯಲ್ಲಿ ಎಷ್ಟು ಮೀಟರು ಅನ್ನುವಂತೆ.

ಎಷ್ಟು ದೂರ? ಕಾವಲು ಶೆಡ್ಡಿನಿಂದ
ರಾಜಕಾಲುವೆ ಕೆರೆಗೆ ಬೀಳುವ ಬಾಯಿಯ ತನಕ.
ನೀರಿನ ಮೇಲೆ ಹೆಜ್ಜೆ ಹಾಕಿ ಅಳೆದವರಿಲ್ಲ.
ಏರಿ ಸುತ್ತಿ ಹೋದರೆ ಒಂದು ಬೀಡಿಯ ದಾರಿ;
ನಾನು ಮುಟ್ಟುವಷ್ಟರಲ್ಲಿ ಟ್ಯಾಂಕರು ಖಾಲಿ,
ಪೈಪು ಸುತ್ತಿ ಆಗಿರುತ್ತದೆ.
ನನಗೆ ಸಿಗುವುದು ಚಕ್ರದ ಗುರುತು,
ಮೂಗಿಗೆ ಇಡೀ ಊರಿನ ಹೊಟ್ಟೆ.
ಆ ಗಾಡಿಯ ನಂಬರು ನಿಂತಲ್ಲಿಂದಲೇ ಓದಬೇಕು ಸಾಹೇಬ್ರೆ,
ಅಷ್ಟು ದೂರ.

ಒಂದೊಂದೇ ಡಬ್ಬ ಬಿಚ್ಚಿದರು.
ಒಂದರ ಮೇಲೆ ಚಿನ್ನದ ಬಣ್ಣದಲ್ಲಿ ಒಂದು ಕಿಲೋಮೀಟರು.
“ಡಬ್ಬದ ಮೇಲಿನ ಮೀಟರು ಡಬ್ಬದೊಳಗೇ ಓಡೋದು,” ನಕ್ಕರು.
ಅದೋ ಕುಂಬಳಕಾಯಿ. ಹೆಗಲಿಗೆ ಸರಿ, ಸೊಂಟಕ್ಕಲ್ಲ.
ನನ್ನ ಬೆಲ್ಟಿನಲ್ಲಿ ಈಗಾಗಲೇ ಒಂದು ಸಂಸಾರವಿದೆ:
ಗೇಟಿನ ಏಳು ಬೀಗದಕೈ, ಸೀಟಿ,
ಸಕ್ಕರೆ ಕಾಯಿಲೆಯ ಮಾತ್ರೆ ಡಬ್ಬಿ, ಎಡಕ್ಕೆ ಲಾಠಿ.
ಹೊಟ್ಟೆ ಇಳಿದಂತೆಲ್ಲ ಮೊಳೆ ಬಡಿದು
ನಾನೇ ಕೊರೆದುಕೊಂಡ ಎರಡು ತೂತು.

ಎರಡನೆಯದು ಹಗುರ. ಆದರೆ ಬೆಳಕು
ಮದುವೆ ಮನೆಯಲ್ಲಿ ಬಡಿಸುವವನ ಹಾಗೆ,
ಹತ್ತಿರದ ಎಲೆಗೆಲ್ಲ ಧಾರಾಳ,
ಕೊನೆಯ ಪಂಕ್ತಿಗೆ ಬರಿಯ ಸೌಟು.

ಮೂರನೆಯದು ಗೇಣುದ್ದ, ತಲೆ ದಪ್ಪ, ಒಳಗೆ ನುಣುಪು ಬಟ್ಟಲು.
ಷಟರು ಅರ್ಧ ಎಳೆದು ಗೋಡೌನಿನ ಕಡೆ ಒತ್ತಿದರು.
ದಾರದಂತೆ ನೆಟ್ಟಗೆ ಹೋಯಿತು.
ಕೊನೆಯ ಗೋಡೆಯ ಮೇಲೆ ಹಲ್ಲಿಯ ಗಂಟಲು ಮಿಡಿಯುವುದು ಕಂಡಿತು.
ನನ್ನ ಕಾಲ ಬುಡದ ಪೆಟ್ಟಿಗೆ ಕಾಣಲಿಲ್ಲ,
ಎಡವಿದೆ.

“ಅದು ಹಂಗೇನೇ. ದೂರ ನೋಡೋದು ಹತ್ತಿರಾನ ನೋಡಲ್ಲ.
ಎರಡೂ ಬೇಕಂದ್ರೆ ಎರಡು ತಗೊಳ್ಳಿ.”
ದುಡ್ಡು ಒಂದಕ್ಕೇ ಇತ್ತು.

ನಮ್ಮ ತಾತ ಇದೇ ಕೆರೆಯ ನೀರುಗಂಟಿ.
ಲಾಟೀನು ಹಿಡಿದು ತೂಬು ಎತ್ತಲು ಹೋಗುತ್ತಿದ್ದನಂತೆ.
ಆ ಬೆಳಕು ಅವನ ಪಾದ ದಾಟುತ್ತಿರಲಿಲ್ಲ.
ದಾಟಬೇಕಾಗಿಯೂ ಇರಲಿಲ್ಲ:
ಆಚೆ ದಡದಲ್ಲಿ ಕೆಮ್ಮಿದವನ ಹೆಸರು
ಈಚೆ ದಡದಲ್ಲೇ ಗೊತ್ತಾಗುತ್ತಿತ್ತು.

ನಾಗವೇಣಿ ಗಾರ್ಮೆಂಟ್ಸಿನಿಂದ ತಂದ ಜೀನ್ಸ್ ತುಂಡಲ್ಲಿ
ಬೆಲ್ಟಿಗೆ ಚೀಲ ಹೊಲಿದಳು, ಎರಡು ಸಲ ಬಿಚ್ಚಿ.
ಮೊದಲ ಸಲ ಟಾರ್ಚು ಬೀಳುತ್ತಿತ್ತು,
ಎರಡನೆಯ ಸಲ ಬರುತ್ತಲೇ ಇರಲಿಲ್ಲ.
“ಕತ್ತಲಲ್ಲಿ ಒಂದೇ ಕೈಲಿ ತೆಗೀಬೇಕಲ್ವಾ,” ಅಂದವಳು
ನನ್ನ ಬೆಲ್ಟು ತಾನೇ ಕಟ್ಟಿಕೊಂಡು, ಕಣ್ಣು ಮುಚ್ಚಿ,
ಸರಕ್ಕನೆ ಎಳೆದು
ಗ್ಯಾಸ್ ಸಿಲಿಂಡರಿನ ಮೇಲೆ ಬೆಳಕು ಬಿಟ್ಟಳು.

ಗುರುವಾರ ರಾತ್ರಿ ಎರಡೂಕಾಲು.
ಆಚೆ ದಡದಲ್ಲಿ ಎಂಜಿನ್ನು ಗೊರಗುಟ್ಟಿ ನಿಂತಿತು.
ಒತ್ತಿದೆ.
ನೀರಿನ ಮೇಲೆ ಬಿಳಿಯ ಹಲಗೆ ಹಾಸಿಕೊಂಡು ಹೋಯಿತು:
ನೊರೆ, ಜೊಂಡು, ನಿದ್ದೆಗೆಟ್ಟ ಒಂದು ನೀರುಕೋಳಿ,
ಆಮೇಲೆ ಟೈರು, ಆಮೇಲೆ ನಂಬರು ಪ್ಲೇಟು.
ಕೆಎ ಐವತ್ತಮೂರು. ಉಳಿದದ್ದು ಬೇಕಂತಲೇ ಬಳಿದ ಕೆಸರು.

ಪೈಪು ಹಿಡಿದವನು ಮುಖಕ್ಕೆ ಅಂಗೈ ಅಡ್ಡ ಹಿಡಿದ.
ಅವನಿಗೆ ನಾನು ಕಾಣುವುದಿಲ್ಲ,
ಐದಡಿ ಮೂರಂಗುಲದ, ಗುತ್ತಿಗೆ ಸಂಬಳದ ನಾನು.
ಬೆಳಕಿನ ಹಿಂದೆ ಯಾರು ಬೇಕಾದರೂ ಇರಬಹುದು,
ಇನ್‌ಸ್ಪೆಕ್ಟರು, ಜೀಪು, ಇಡೀ ಇಲಾಖೆ.
ಪೈಪು ಬಿಸಾಕಿ ಗಾಡಿ ಹತ್ತಿದ.

ಅವರು ತಿರುಗಿ ರಸ್ತೆ ಸೇರುವ ತನಕ
ಹಾಗೇ ನಿಂತಿದ್ದೆ,
ಬಲಗೈಯಲ್ಲಿ ನಾನೂರು ಮೀಟರು,
ಎಡಗೈಯಲ್ಲಿ ಜಾರುತ್ತಿದ್ದ ಪ್ಯಾಂಟು.

ಕಾಲ ಬುಡದಲ್ಲಿ ಏನೋ ತಣ್ಣಗೆ ಸರಿದು ಹೋಯಿತು.
ನೋಡಲಿಲ್ಲ.