ಮೂರನೇ ಸಾಲು

ಬರ್ತಾಂಗ್ ಕಣಿವೆಯಲ್ಲಿ ಎಲ್ಲರೂ ಜನವರಿ ಒಂದಕ್ಕೇ ಹುಟ್ಟಿದವರು.
ಪಾಸ್‌ಪೋರ್ಟ್ ಹಾಗೆ ಹೇಳುತ್ತದೆ. ಹಳೆಯ ಸರ್ಕಾರದ ಗುಮಾಸ್ತ
ಚಳಿಗೆ ಬೆರಳು ಸೆಟೆದು, ಬರೆಯಲು ಸುಲಭವೆಂದು
ಇಡೀ ಊರನ್ನು ಒಂದೇ ಬೆಳಿಗ್ಗೆ ಹೆರಿಸಿಬಿಟ್ಟ.

ಹಾಗಾಗಿ ನನ್ನ ಚೀಲದಲ್ಲಿ ಬೇರೆಯೇ ಪಂಚಾಂಗ:
ಸೇತುವೆ ಕೊಚ್ಚಿಹೋದ ವರ್ಷ,
ಹೆಲಿಕಾಪ್ಟರು ಹಿಟ್ಟಿನ ಮೂಟೆ ಇಳಿಸಿದ ಚಳಿಗಾಲ,
ಮೊದಲ ಟೀವಿ ಬಂದು ಕರೆಂಟು ಹೋದ ವಾರ,
ಶಾಲೆಯ ಮೇಲೆ ಹಿಮ ಜಾರಿದ್ದು (ಭಾನುವಾರ, ಸದ್ಯ).
ಕೇಳುವ ಕ್ರಮ ಇಷ್ಟೇ: ಇವನು ಹುಟ್ಟಿದ್ದು
ಸೇತುವೆಗೆ ಮುಂಚೆಯೋ, ಆಮೇಲೋ?
ಎರಡು ದಿನ ಇದನ್ನೇ ಕಲಿಸಿದರು
ದುಶಾಂಬೆಯಲ್ಲಿ, ಬಿಸಿನೀರು ಬರುವ ಹೋಟೆಲಿನಲ್ಲಿ.

ಓಯ್‌ಬೇಗಿಮ್ ಹಾಲಿಗೆ ಚಹಾ, ಚಹಾಕ್ಕೆ ಉಪ್ಪು, ಉಪ್ಪಿಗೆ ಬೆಣ್ಣೆ
ಹಾಕಿ ಮುಂದಿಟ್ಟಳು. ರೊಟ್ಟಿ ಮುರಿದು ಅದರಲ್ಲಿ ಮುಳುಗಿಸಿದಳು.
ಐದು ಕಂಬದ ಮನೆ. ಮಾಡಿನ ಬೆಳಕಿಂಡಿಯಿಂದ
ಚೌಕವಾಗಿ ಬಿದ್ದ ಬಿಸಿಲು ನನ್ನ ಫಾರಂ ಮೇಲೆ.
ಸಾಲು ಒಂದು: ಮಗ. ಸೇತುವೆಗೆ ಮುಂಚೆ. ಲಾರಿ ಓಡಿಸುತ್ತಾನೆ.
ಸಾಲು ಎರಡು: ಮಗಳು. ಹಿಟ್ಟಿನ ಚಳಿಗಾಲ.
ಸಾಲು ಮೂರು: ಮಗ. ಟೀವಿ. ಇಗೋ,
ಕೋಳಿ ಅವುಚಿಕೊಂಡು ಬಾಗಿಲಲ್ಲೇ ನಿಂತಿದ್ದಾನೆ.

ಎರಡಕ್ಕೂ ಮೂರಕ್ಕೂ ನಡುವೆ ಐದು ವರ್ಷ.
ಕೈಪಿಡಿ ಹೇಳುತ್ತದೆ: ನಾಲ್ಕಕ್ಕಿಂತ ಹೆಚ್ಚು ಅಂತರವಿದ್ದರೆ
ಇನ್ನೊಮ್ಮೆ ಕೇಳಿ. ಮೆಲ್ಲಗೆ. ಕೇಳಿದ ಮೇಲೆ ಸುಮ್ಮನಿರಿ.
ಕೇಳಿದೆ.

ಕೆಟಲಿನ ಮುಚ್ಚಳ ಮುಚ್ಚಿದಳು, ತೆರೆದಳು, ಮುಚ್ಚಿದಳು.
ಹುಡುಗನನ್ನು ಸೌದೆಗೆ ಕಳಿಸಿದಳು. ಸೌದೆ ಒಳಗೇ ಇತ್ತು.
"ಒಂದಿತ್ತು" ಅಂದಳು. "ಅದೂ ಲೆಕ್ಕಕ್ಕೆ ಬರುತ್ತದೆಯೆ?"

ಎಷ್ಟು ಕಾಲ? ಮುಂದಿನ ಪ್ರಶ್ನೆ.
ತಿಂಗಳು ತುಂಬದಿದ್ದರೆ ದಿನಗಳಲ್ಲಿ ಬರೆಯಬೇಕು.
ಮೊದಲ ಹಿಮದಿಂದ ಲಾಲ್‌ಮೋಳ ಹಸು ಈಯುವವರೆಗೆ, ಅಂದಳು.
ಬೇಡ, ಇದು ಗುಟ್ಟಿನ ಫಾರಂ, ಎನ್ನುವಷ್ಟರಲ್ಲಿ
ಅಂಗಳದಾಚೆ ಕೂಗಿಯಾಗಿತ್ತು.
ಲಾಲ್‌ಮೋ ಬಂದಳು, ಮೊಣಕೈವರೆಗೆ ಹಿಟ್ಟು.
ಯಾವ ಹಸು? ಕೊಂಬು ಮುರಿದದ್ದೆ? ಅದು ಈದದ್ದು ಎರಡನೇ ಹಿಮಕ್ಕೆ.
ಅಲ್ಲ, ಗಿರಣಿ ಹೆಪ್ಪುಗಟ್ಟಿದ ಮಾರನೇ ದಿನ.
ಗಿರಣಿ ಆ ವರ್ಷ ಹೆಪ್ಪುಗಟ್ಟಲೇ ಇಲ್ಲ, ನನ್ನ ಮಾವ ಬೀಸಿಸಿ ತಂದಿದ್ದರು.
ಅರ್ಧ ತಾಸು ಆ ಕರುವಿಗಾಗಿ ಜಗಳವಾಡಿದರು,
ಬೆರಳು ಮಡಿಸಿದರು, ಬಿಚ್ಚಿದರು, ಒಮ್ಮೆ ನಕ್ಕರು ಕೂಡ.
ಹತ್ತೊಂಬತ್ತು ದಿನ.
ಇಬ್ಬರೂ ಒಪ್ಪಿದ ಮೇಲೆ ಯಾರೂ ಮಾತಾಡಲಿಲ್ಲ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವುದು ಎಳೆಯರಿಗೆ.
ಇವಳು ಆಟಕ್ಕೂ ಸಿಗಲಿಲ್ಲ.
ಲೆಕ್ಕಕ್ಕೆ ಸಿಕ್ಕಿದ್ದು ಇವತ್ತು, ಮಧ್ಯಾಹ್ನ ಎರಡೂಕಾಲಿಗೆ.

ರಬ್ಬರಿನಲ್ಲಿ ಮೂರನೇ ಸಾಲು ಉಜ್ಜಿದೆ. ಕೋಳಿಯ ಹುಡುಗ
ನಾಲ್ಕಕ್ಕೆ ಇಳಿದ.
ಹೆಸರಿಡದೆ ಹೋಗಿದ್ದರೆ 'ಮಗು' ಎಂದು ಬರೆಯಿರಿ: ಕೈಪಿಡಿ.
'ಮ' ಬರೆದಿದ್ದೆ. ಓಯ್‌ಬೇಗಿಮ್ ಮಣಿಕಟ್ಟು ಹಿಡಿದಳು.
ಹೆಸರಿದೆ.
ಲಾಲ್‌ಮೋ ತಟ್ಟನೆ ತಲೆಯೆತ್ತಿದಳು. ಮದುವೆಯಾದಂದಿನಿಂದ
ಪಕ್ಕದ ಮನೆ, ಅವಳಿಗೂ ಗೊತ್ತಿರಲಿಲ್ಲ.
ಕೂಸಿನ ಕಿವಿಯಲ್ಲಿ ಹೇಳುವಂತೆ
ನನ್ನ ಕಿವಿಯಲ್ಲಿ ಹೇಳಿದಳು.

ರಾತ್ರಿ ಮೇಲ್ವಿಚಾರಕ ಶೋಗುನ್‌ಬೆಕ್ ಲಾಟೀನಿಗೆ ಹಾಳೆ ಹಿಡಿದ.
ಸರಿಯಿದೆ. ಅಂಚಿನಲ್ಲಿ ಇದೇನು, ಹಸು, ಹಿಮ, ಗಿರಣಿ?
ಅಂಚು ಕಂಪ್ಯೂಟರಿಗೆ ಹೋಗುವುದಿಲ್ಲ.
ಗೊತ್ತು, ಅಂದೆ.
ಹೆಸರೂ ಹೋಗುವುದಿಲ್ಲ. ಆ ಪಟ್ಟಿಯನ್ನು ಕತ್ತರಿಸಿ
ಕಬ್ಬಿಣದ ಪೆಟ್ಟಿಗೆಯಲ್ಲಿಡುತ್ತಾರೆ. ಉಳಿಯುವುದು:
ಹೆಣ್ಣು. ಅವಳಿಯಲ್ಲ. ಬದುಕಿಲ್ಲ. ೧೯.

ಏನು ಹೆಸರು ಎಂದು ನೀವೂ ಕೇಳುತ್ತೀರಿ.
ಮೊದಲ ಪ್ರಶ್ನೆಗೂ ಮುಂಚೆ ಅವಳಿಗೆ ಓದಿ ಹೇಳಿ,
ಕೆಳಗೆ ಸಹಿ ಹಾಕಿದವಳು ನಾನು:
ನೀವು ಹೇಳಿದ್ದು ಬೇರೆ ಯಾರ ಕಿವಿಗೂ ಬೀಳದು.
ಮರುದಿನ ತೂಗುಸೇತುವೆಯ ನಟ್ಟನಡುವೆ ನಿಂತು
ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದೆ.
ನೀರಿನ ಸದ್ದಿಗೆ ನನಗೇ ಕೇಳಿಸಲಿಲ್ಲ.