ದ್ವಿವಚನ

ಎರಡನೇ ಶನಿವಾರ, ಹನ್ನೊಂದು ಗಂಟೆ.
ಮಂಡಿ ಮೊಹಲ್ಲಾ, ಊದುಬತ್ತಿ ಗೋದಾಮಿನ ಮೇಲೆ.
ಮರದ ಮೆಟ್ಟಿಲು ಹದಿನೇಳು; ಆರನೆಯದು ಅಲುಗುತ್ತದೆ,
ಗೊತ್ತಿದ್ದವರು ದಾಟಿ ಕಾಲಿಡುತ್ತಾರೆ.
ಗೊತ್ತಿದ್ದವರು ಒಂಬತ್ತು ಮಂದಿ,
ಎಲ್ಲರೂ ಅರಬ್ಬಿ ಕಲಿಸುವವರು,
ಎಲ್ಲರೂ ತಂತಮ್ಮ ಶಾಲೆಯಲ್ಲಿ ಒಬ್ಬೊಬ್ಬರೇ.
ಗಣಿತದವರು ಸ್ಟಾಫ್ ರೂಮಿನಲ್ಲಿ ಜಗಳವಾಡಬಹುದು.
ನನಗೆ ನಾನೇ.

ಇಲ್ಲಿ ಒಂದೇ ನಿಯಮ: ಬರುವಾಗ
ಆ ತಿಂಗಳು ಸೋತ ಪಾಠವೊಂದನ್ನು ತರಬೇಕು.
ಗೆದ್ದದ್ದು ಮನೆಯಲ್ಲೇ ಇರಲಿ ಅನ್ನುತ್ತಾರೆ
ಗಂಜಾಮಿನ ಇಮ್ದಾದ್ ಮೇಷ್ಟ್ರು.
ನಿವೃತ್ತರಾಗಿ ಎಂಟು ವರ್ಷ; ಚಹಾದ ಜೊತೆ ಬನ್ನು ಅವರ ಲೆಕ್ಕ.

ಮಂಡ್ಯದಿಂದ ನಾನು ಮೊದಲ ಸಲ ತಂದದ್ದು
ಒಂದು ಅಕ್ಷರ. ಅಕ್ಷರವೂ ಅಲ್ಲ, ಉಸಿರು.
ಅರಬ್ಬಿಗೆ ಹಕಾರ ಎರಡು, ಸಾರ್.
ನಮ್ಮ ಮಕ್ಕಳಿಗೆ ಇರುವ ಒಂದೇ ಹೊರಡೋಲ್ಲ;
ಅಲ್ಲುಜ್ಜಿ, ಆಲು ಕುಡಿದು, ಅಳ್ಳ ದಾಟಿ ಬರುತ್ತಾರೆ.
ಇನ್ನು ನಡುಗಂಟಲ ಹಕಾರ ಎಲ್ಲಿಂದ ತರಲಿ?
ಹತ್ತು ದಿನ ಕೂಗಿದೆ. ನನ್ನ ಗಂಟಲೇ ಕಟ್ಟಿತು.
ಏಳನೇ ತರಗತಿಯ ಜುನೈದ್ ಕೇಳಿದ:
ಮಿಸ್, ನಿಮಗೆ ಉಸಾರಿಲ್ವಾ?

ಎಲ್ಲರೂ ನಕ್ಕರು.
ಆಮೇಲೆ ಇಮ್ದಾದ್ ಮೇಷ್ಟ್ರು ಕನ್ನಡಕ ತೆಗೆದು
ಬಾಯ್ತೆರೆದು ಗಾಜಿಗೆ ಬಿಸಿಯುಸಿರು ಬಿಟ್ಟರು.
ಗಾಜು ಮಂಜಾಯಿತು.
ಇದೇ, ಅಂದರು. ಒರೆಸಿಕೊಂಡರು. ಕೂತರು.

ಸೋಮವಾರ ನನ್ನ ತರಗತಿಯಲ್ಲಿ
ಕಿಟಕಿಯ ಗಾಜು, ಊಟದ ಡಬ್ಬಿಯ ಮುಚ್ಚಳ, ನನ್ನ ಕೈಗಡಿಯಾರ,
ಸಿಕ್ಕಿದ್ದಕ್ಕೆಲ್ಲ ಮಂಜು ಹಿಡಿಸಿದರು.
ಜುನೈದ್ ಮುಚ್ಚಳದ ಮಂಜಿನಲ್ಲೇ ಆ ಅಕ್ಷರ ಗೀಚಿದ;
ಬಾಲ ಬರೆಯುವಷ್ಟರಲ್ಲಿ ತಲೆ ಆರಿತ್ತು.

ಪುಟ್ಟಗೌರಿ ಬರತೊಡಗಿದ್ದು ಅದರ ಮರುವರ್ಷ.
ಕುವೈತಿನಲ್ಲಿ ಹನ್ನೊಂದು ವರ್ಷ ನರ್ಸು;
ಈಗ ಪಾಂಡವಪುರದಲ್ಲಿ, ಗಲ್ಫಿಗೆ ಹೊರಟ ಹುಡುಗಿಯರಿಗೆ
ವಾರಕ್ಕೆ ಮೂರು ಸಂಜೆ ಪಾಠ.
ಓದಲು ಒಂದಕ್ಷರ ಬಾರದು. ಮಾತು ನೀರು ಕುಡಿದ ಹಾಗೆ.
ವೇನ್ ಯಅವ್ರಕ್? ಅಂದರೆ, ಎಲ್ಲಿ ನೋಯ್ತಿದೆ?
ಇದು ಯಾವ ವ್ಯಾಕರಣದಲ್ಲಿದೆಯಮ್ಮ,
ಹಿರಿಯರೊಬ್ಬರು ಮುಖ ಸಿಂಡರಿಸಿದರು.
ಮಳವಳ್ಳಿ ಬಸ್ಸಿನಲ್ಲಿ ಹಳಗನ್ನಡ ಆಡ್ತಾರಾ ಸಾರ್?
ಚಹಾ ಆರಿತು.
ಮುಂದಿನ ತಿಂಗಳು ಆ ಹಿರಿಯರೇ ಅವಳ ಪಕ್ಕ ಕೂತು
ಜ್ವರ, ಸೂಜಿ, ಉಸಿರು ಎಳ್ಕೊಳ್ಳಿ
ಎಲ್ಲ ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು.

ಮರಳುವ ರೈಲು ನಮ್ಮಿಬ್ಬರದೂ ಒಂದೇ.
ನಾಗನಹಳ್ಳಿಯವರೆಗೆ ನಾನು ಅವಳಿಗೆ ಅಕ್ಷರ,
ಆಮೇಲೆ ಅವಳು ನನಗೆ ಮಾತು.
ಆಷಾಢದ ಗಾಳಿ, ಗಾಜು ಇಳಿಸಿದ್ದೆವು.
ಆ ದಿನ ದ್ವಿವಚನ ಹೇಳಿದೆ:
ಕನ್ನಡಕ್ಕೆ ಒಂದು, ಆಮೇಲೆ ಹಲವು;
ಅರಬ್ಬಿಗೆ ನಡುವೆ ಎರಡಕ್ಕೆಂದೇ ಒಂದು ಕೋಣೆ.
ಐನುನ್, ಒಂದು ಕಣ್ಣು. ಐನಾನಿ, ಎರಡು.
ಕಣ್ಣು ಯಾರದೆಂದು ಹೇಳಿದ ಕೂಡಲೇ
ಕೊನೆಯ ನಕಾರ ಉದುರುತ್ತದೆ:
ಐನಾಕಿ, ನಿನ್ನ ಎರಡು ಕಣ್ಣು.

ಯಾರಿಗಾದರೂ ಸೇರಿದರೆ ನಕಾರ ಹೋಗುತ್ತೆ, ಅಲ್ವಾ,
ಅಂದಳು, ಹೊರಗೆ ನೋಡುತ್ತಲೇ.
ಇಪ್ಪತ್ತು ವರ್ಷ ಕಲಿಸಿದ್ದೇನೆ. ನನಗೆ ಹೊಳೆದಿರಲಿಲ್ಲ.

ಹೊಳೆಯ ಸೇತುವೆ ಮೇಲೆ ರೈಲಿನ ಸದ್ದು ಬದಲಾಯಿತು.
ನೀವಿಬ್ಬರು ಅನ್ನಲು ಪದ ಇದೆ, ಅವರಿಬ್ಬರಿಗೂ ಇದೆ.
ನಾವಿಬ್ಬರು?
ಇಲ್ಲ. ಅದು ಅರಬ್ಬಿಗೂ ಇಲ್ಲ.
ನಾನು ಆದಮೇಲೆ ನೇರ ನಾವು. ನಹ್ನು.
ಇಬ್ಬರಾದರೂ ಅದೇ, ಹತ್ತು ಮಂದಿಯಾದರೂ ಅದೇ.
ನಡುವೆ ಆ ಕನ್ನಡಕದ ಹಕಾರ.

ಪಾಂಡವಪುರ. ಚೀಲ ಹೆಗಲಿಗೇರಿಸಿ ಇಳಿದಳು.
ಕಿಟಕಿಯ ಬಳಿ ಬಂದು, ಕಂಬಿಗಳ ನಡುವೆ ಬಾಯಿಟ್ಟು
ಗಾಜಿಗೆ ಉಸಿರು ಬಿಟ್ಟಳು,
ಬಲದಿಂದ ಎಡಕ್ಕೆ ಬೆರಳಾಡಿಸಿದಳು.
ಒಳಗಿನಿಂದ ನನಗೆ ತಿರುಗುಮುರುಗು;
ಆದರೂ ನಕಾರ, ಉಸಿರು, ನಕಾರ.
ಕೊನೆಯದಕ್ಕೆ ಚುಕ್ಕೆ ಮರೆತಿದ್ದಳು.
ಹೇಳೋಣವೆಂದರೆ ರೈಲು ಕದಲಿತು.
ಚುಕ್ಕೆ ಇರಬೇಕಾದಲ್ಲಿ
ಈಚೆಯಿಂದ ನಾನು ಬೆರಳಿಟ್ಟೆ.